ದಮ್ಮು ಹತ್ತುವ ಮೊದಲೇ ಕೂತುಬಿಡಿ

ಸ್ವಲ್ಪ ನಡೆದರೂ ಉಸಿರು ಕಟ್ಟುವುದಕ್ಕೆ ನಮ್ಮ ವಿಜಯಪುರದ ಕಡೆ ದಮ್ಮು ಅಂತಾರೆ. ಡಾಕ್ಟರು ನನ್ನದಕ್ಕೆ ಸಿಓಪಿಡಿ ಅಂದರು, ಅಂದರೆ ಶ್ವಾಸನಾಳ ಕಿರಿದಾಗಿ ಬಹುಕಾಲ ಕಾಡುವ ಶ್ವಾಸಕೋಶದ ಕಾಯಿಲೆ. ನಾನು ಬೀಡಿ ಸಿಗರೇಟು ಮುಟ್ಟಿದವಳಲ್ಲ. ಆದರೆ ಶಾಲೆಯ ಕೆಲಸಕ್ಕೆ ಹೋಗುವ ಮೊದಲು, ಬಂದ ಮೇಲೆ, ಮೂವತ್ತು ವರ್ಷ ತೊಗರಿ ಕಟ್ಟಿಗೆ ಉರಿಸಿ ರೊಟ್ಟಿ ಬಡಿದವಳು. ಆ ಹೊಗೆಯಿಂದಲೂ ಶ್ವಾಸಕೋಶ ಕೆಡುತ್ತದೆ ಅಂತ ತಿಳಿದದ್ದು ಆಮೇಲೆ. ಜೊತೆಗೆ ಸೊಂಟ, ಮೊಣಕಾಲು ನೋವು ಹತ್ತು ವರ್ಷದ್ದು. ನಡೆದರೆ ದಮ್ಮು ಹತ್ತುತ್ತದೆ, ಕೂತರೆ ಸೊಂಟ ಹಿಡಿಯುತ್ತದೆ, ಹೀಗಾಗಿ ಎರಡು ವರ್ಷ ಮನೆ ಬಿಟ್ಟು ಹೊರಗೆ ಬರಲೇ ಇಲ್ಲ. ಅದೇ ತಪ್ಪಾಯಿತು. ಕೂತಷ್ಟೂ ಕಾಲಿನ ಸ್ನಾಯು ಸೊರಗುತ್ತವೆ, ಸೊರಗಿದ ಕಾಲು ಅಷ್ಟೇ ದೂರಕ್ಕೆ ಜಾಸ್ತಿ ಉಸಿರು ಕೇಳುತ್ತದೆ.

ಕಡೆಗೆ ಒಬ್ಬ ಫಿಸಿಯೋಥೆರಪಿ ಹುಡುಗಿ ಸಿಕ್ಕಳು. ಮೊದಲ ದಿನ ಬೆರಳಿಗೆ ರಕ್ತದಲ್ಲಿನ ಆಮ್ಲಜನಕ ತೋರಿಸುವ ಆಕ್ಸಿಮೀಟರ್ ಹಾಕಿ ಕಾರಿಡಾರಿನಲ್ಲಿ 6 ನಿಮಿಷ ನಡೆಸಿದಳು. ಎರಡು ಸಲ ಗೋಡೆ ಹಿಡಿದು ನಿಂತೆ. "ದಮ್ಮ ಹತ್ತಿದ ಮ್ಯಾಲೆ ಕೂಡೂದಲ್ರಿ ಅಕ್ಕಾರ, ಹತ್ತೂಕಿಂತ ಮೊದಲ ಕೂತುಬಿಡ್ರಿ" ಅಂದಳು.

ಮನೆಗೆ ಬಂದು ಮೂರು ದಿನ ಪಡಸಾಲೆಯಲ್ಲೇ ನಡೆದೆ. ಎಷ್ಟು ನಿಮಿಷಕ್ಕೆ ತ್ರಾಸು ಶುರುವಾಗುತ್ತದೆ ಅಂತ ಬರೆದಿಟ್ಟೆ: 6, 4, 5. ಸರಾಸರಿ 5. ಹಾಗಾಗಿ ಶುರು ಮಾಡಿದ್ದು 4 ನಿಮಿಷದಿಂದ. ಆರಾಮ ಇದ್ದ ದಿನವೂ ನಾಲ್ಕೇ, ನೋವಿದ್ದ ದಿನವೂ ಆದಷ್ಟು ನಾಲ್ಕೇ. ವಾರ ಸರಿಹೋದರೆ ಮಾತ್ರ ಒಂದು ನಿಮಿಷ ಸೇರಿಸುತ್ತಿದ್ದೆ. ನಡೆಯುವಾಗ ಒಂದು ಪೂರ್ತಿ ವಾಕ್ಯ ಮಾತಾಡಲು ಬರಬೇಕು, ಬರದಿದ್ದರೆ ವೇಗ ಜಾಸ್ತಿಯಾಯಿತು ಅಂತಲೇ ಅರ್ಥ.

ಉಸಿರಿನ ವಿಷಯ ಹೇಳಲೇಬೇಕು. ಮೂಗಿನಿಂದ ಎರಡು ಎಣಿಸುವಷ್ಟು ಒಳಗೆ, ತುಟಿಯನ್ನು ಸೀಟಿ ಹೊಡೆಯುವ ಹಾಗೆ ಮಾಡಿ ನಾಲ್ಕು ಎಣಿಸುವಷ್ಟು ನಿಧಾನ ಹೊರಗೆ. ನಮ್ಮ ಕಾಯಿಲೆಯಲ್ಲಿ ಹಳೇ ಗಾಳಿ ಎದೆಯಲ್ಲೇ ಉಳಿದುಬಿಡುತ್ತದೆ, ಅದು ಹೊರಗೆ ಹೋಗದೆ ಹೊಸದಕ್ಕೆ ಜಾಗ ಎಲ್ಲಿ? ಕುರ್ಚಿಯಿಂದ ಏಳುವಾಗ, ಕೊಡ ಎತ್ತುವಾಗ, ಶ್ರಮ ಬೀಳುವ ಕ್ಷಣಕ್ಕೇ ಉಸಿರು ಬಿಡಬೇಕು. ಕುರ್ಚಿಯಿಂದ ಎದ್ದು ಕೂರುವುದೇ ನನ್ನ ಇನ್ನೊಂದು ವ್ಯಾಯಾಮ, ದಿನಕ್ಕೆ ಎರಡು ಸಲ, ಐದೈದು. ಮೊಣಕಾಲಿಗೆ ಭಾರ ಆಗದ ಹಾಗೆ ಕುರ್ಚಿಯ ಮೇಲೊಂದು ದಿಂಬು ಇಟ್ಟುಕೊಂಡೆ.

ಎರಡು ತಿಂಗಳಲ್ಲಿ ಮೈ ಹಗುರಾಯಿತು. ಅಷ್ಟರಲ್ಲಿ ಭೋಗಿ ಬಂತು. ಆರಾಮ ಇದ್ದೇನಲ್ಲ ಅಂತ ಒಂದೇ ಸಮ ಇಪ್ಪತ್ತೈದು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿದೆ. ಮೂರು ದಿನ ಹಾಸಿಗೆ. ಕೈ ಆಧಾರವಿಲ್ಲದೆ ಎತ್ತಿ ಕೆಲಸ ಮಾಡಿದರೆ ಉಸಿರಿಗೆ ನೆರವಾಗುವ ಹೆಗಲು, ಕತ್ತಿನ ಸ್ನಾಯುಗಳು ಆ ಕೆಲಸಕ್ಕೆ ಹೋಗಿಬಿಡುತ್ತವಂತೆ, ಅದಕ್ಕೇ ನಡಿಗೆಗಿಂತ ರೊಟ್ಟಿಗೆ ಬೇಗ ದಮ್ಮು ಹತ್ತುವುದು. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಅಲ್ವಾ? ಈಗ ಮೇಜಿನ ಮುಂದೆ ಕುರ್ಚಿ ಹಾಕಿಕೊಂಡು ನಾಲ್ಕು ರೊಟ್ಟಿ, ಆಮೇಲೆ ಮೊಣಕೈ ಊರಿ ಹತ್ತು ನಿಮಿಷ ಸುಮ್ನೆ ಕೂರುವುದು, ಮತ್ತೆ ನಾಲ್ಕು. ಹಿಟ್ಟು ಜರಡಿ ಹಿಡಿಯುವುದು ಸೊಸೆ.

ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ. ನನಗೆ ನಡೆಯುವ ಸ್ವಲ್ಪ ಮೊದಲು ಇನ್ಹೇಲರ್ ತೆಗೆದುಕೊಳ್ಳಲು, ಆಕ್ಸಿಮೀಟರ್ 88ಕ್ಕಿಂತ ಕೆಳಗಿಳಿದರೆ ನಿಲ್ಲಿಸಲು ಹೇಳಿದ್ದಾರೆ, ನಿಮ್ಮದು ಬೇರೆ ಇರಬಹುದು. ಎದೆನೋವು, ತಲೆ ಸುತ್ತು ಬಂದರೆ ಅಲ್ಲೇ ನಿಲ್ಲಿಸಿ. ಮರುದಿನವೂ ನೋವು ಜಾಸ್ತಿಯೇ ಇದ್ದರೆ ಒಂದೆರಡು ನಿಮಿಷ ಕಡಿಮೆ ಮಾಡಿ, ಪೂರ್ತಿ ಬಿಡಬೇಡಿ. ರಾಶಿಯ ಹೊತ್ತಿನಲ್ಲಿ ಜೋಳದ ಧೂಳು ಏಳುತ್ತದೆ, ಆಗ ನಾನು ಮನೆಯೊಳಗೇ ನಡೆಯುತ್ತೇನೆ. ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಮುಗಿಸುತ್ತೇನೆ.

ಈಗ 18 ನಿಮಿಷಕ್ಕೆ ಬಂದಿದ್ದೇನೆ. ಗೋಳಗುಮ್ಮಟದ ಮೆಟ್ಟಿಲು ಹತ್ತಲು ಇನ್ನೂ ಆಗುವುದಿಲ್ಲ. ಮೊನ್ನೆ ಮೊಮ್ಮಗಳು ಮೇಲೆ ಹೋಗಿ ಪಿಸುಮಾತು ಕೇಳಿ ಬರುವಷ್ಟರಲ್ಲಿ, ನಾನು ಕೆಳಗಿನ ದಾರಿಯಲ್ಲಿ ನನ್ನ ಹದಿನೆಂಟು ನಿಮಿಷ ನಡೆದು ಮುಗಿಸಿದ್ದೆ.