ಪಹಣಿ ಇನ್ನೂ ತಾತನ ಹೆಸರಲ್ಲೇ ಇದ್ಯಾ? ಮೊದ್ಲು ಪೌತಿ ಖಾತೆ (ತೀರ್ಕೊಂಡೋರ ಜಮೀನನ್ನ ವಾರಸುದಾರರ ಹೆಸರಿಗೆ ಬದಲಾಯಿಸೋದು) ಮಾಡಿಸ್ಕೊಳ್ಳಿ

ಪಿಎಂ ಕಿಸಾನ್ ದುಡ್ಡು ವರ್ಷಕ್ಕೆ 6000, ಮೂರು ಕಂತಲ್ಲಿ ಬರುತ್ತೆ, ಆದ್ರೆ ಅದು ಉಳುಮೆ ಮಾಡೋರಿಗಲ್ಲ, ಜಮೀನು ಯಾರ ಹೆಸರಲ್ಲಿದ್ಯೋ ಅವ್ರಿಗೆ. ಬಡ ಕುಟುಂಬಗಳು ಹೆಚ್ಚಾಗಿ ಸಿಕ್ಕಾಕೊಳ್ಳೋದು ಇಲ್ಲೇ, ತಾತ ತೀರ್ಕೊಂಡು ಎಷ್ಟೋ ವರ್ಷ ಆಗಿದ್ರೂ ಪಹಣಿ ಬದಲಾಗಿರಲ್ಲ, ಹಾಗಾಗಿ ಮಕ್ಕಳು ಮೊಮ್ಮಕ್ಕಳು ಅದೇ ಹೊಲದಲ್ಲಿ ದುಡೀತಿದ್ರೂ ಲೆಕ್ಕಕ್ಕೇ ಬರಲ್ಲ. ದಯವಿಟ್ಟು ಮರಣ ಪ್ರಮಾಣಪತ್ರ, ವಂಶವೃಕ್ಷ, ಆಧಾರ್ ತಗೊಂಡು ನಾಡಕಚೇರಿಲಿ ಪೌತಿ ಖಾತೆಗೆ ಅರ್ಜಿ ಕೊಡಿ. 1-2-2019ರ ನಂತರ ಹೆಸರಿಗೆ ಬಂದ ಜಮೀನಿಗೆ ಸಿಗಲ್ಲ ಅಂತ ಯಾರಾದ್ರೂ ವಾಪಸ್ ಕಳಿಸಿದ್ರೆ ಸುಮ್ನೆ ಬರ್ಬೇಡಿ, ಮಾಲೀಕರು ತೀರ್ಕೊಂಡು ವಾರಸುದಾರರಿಗೆ ಬಂದಿದ್ದಕ್ಕೆ ಆ ನಿಯಮದಲ್ಲಿ ವಿನಾಯಿತಿ ಇದೆ ಅಂತ ಹೇಳಿ.

ಆಮೇಲೆ ನಿಮ್ಮ ಎಫ್‌ಐಡಿಗೆ (ಸರ್ಕಾರ ಕೊಡೋ ರೈತರ ಗುರುತಿನ ಸಂಖ್ಯೆ) ಆ ಜಮೀನಿನ ಸರ್ವೆ ನಂಬರ್ ಸೇರಿಸಿ, ಇ-ಕೆವೈಸಿ ಮುಗಿಸಿ, ಬ್ಯಾಂಕಲ್ಲಿ ಆಧಾರ್ ಸೀಡಿಂಗ್ (ಖಾತೆಗೆ ಆಧಾರ್ ಜೋಡಣೆ) ಆಗಿದ್ಯಾ ನೋಡ್ಕೊಳ್ಳಿ.

ಗುತ್ತಿಗೆಗೆ ಮಾಡೋರಿಗೆ ಈ ದುಡ್ಡು ಸಿಗಲ್ಲ, ನನ್ ಪ್ರಕಾರ ಇದು ದೊಡ್ಡ ಅನ್ಯಾಯ. ಆದ್ರೆ ಫಸಲ್ ಬಿಮಾ (ಬೆಳೆ ವಿಮೆ) ಅವ್ರಿಗೂ ಇದೆ, ಮುಂಗಾರು ಆಹಾರ ಬೆಳೆಗೆ ರೈತರ ಪಾಲು ಹೆಚ್ಚಂದ್ರೆ ವಿಮಾ ಮೊತ್ತದ ಶೇ. 2 ಅಷ್ಟೇ. ಹೊಲದ ಮಾಲೀಕರ ಹತ್ರ ಗುತ್ತಿಗೆ ಪತ್ರ ಬರೆಸ್ಕೊಂಡು, ಕೊನೆ ದಿನಾಂಕ ಮುಗಿಯೋಕೆ ಮುಂಚೆನೇ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.