ಮುಚ್ಚಳ ಬಿಚ್ಚದೆ ರೀಡಯಲ್ ಹಿಡಿಯುವುದು: ನನ್ನ ಅನುಭವ

ಹಳೇ ವಾಚಿನ ಡಯಲ್ ಒರಿಜಿನಲ್ಲೋ ರೀಡಯಲ್ಲೋ (ಅಂದರೆ ಆಮೇಲೆ ಯಾರೋ ಬಣ್ಣ ಹೊಡೆದು ಹೊಸದಾಗಿ ಅಚ್ಚು ಒತ್ತಿದ್ದೋ) ಅಂತ ಹಿಂದಿನ ಮುಚ್ಚಳ ಬಿಚ್ಚದೆ ಹೇಳಬಹುದು ಅಂದಾಗ ಹಳೇ ವಾಚು ಕೂಡಿಸುವ ನಮ್ಮ ಗುಂಪಿನಲ್ಲಿ ಎಲ್ಲರೂ ನಕ್ಕಿದ್ದರು. "ಮೊದಲು ಬಿಚ್ಚು, ಆಮೇಲೆ ಮಾತಾಡು" ಅನ್ನುವುದು ಅವರ ವಾದ. ಸರಿಯೇ. ಆದರೆ ಭಾನುವಾರ ಬೆಳಿಗ್ಗೆ ಬೆಂಗಳೂರಿನ ಬಿವಿಕೆ ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿನಲ್ಲಿ ಯಾವ ವ್ಯಾಪಾರಿ ಬಿಚ್ಚಲು ಬಿಡುತ್ತಾನೆ? ನೀವು ಮುಚ್ಚಳ ಬಿಚ್ಚುವ ಕೇಸ್ ನೈಫ್ ತೆಗೆದ ಕೂಡಲೇ ಅವನಿಗೆ ಗೊತ್ತಾಗುತ್ತದೆ, ಇವನು ತಿಳಿದವನು ಅಂತ. ರೇಟು ಡಬಲ್.

ಹಾಗಾಗಿ ಫೋನು ಮತ್ತು ಒಂದು ಹಾಳೆ. ಹಾಳೆ ಅಂದರೆ ಓಎಚ್‌ಪಿ ಶೀಟಿನ (ಆಚೆ ಕಾಣುವ ಪ್ಲಾಸ್ಟಿಕ್ ಹಾಳೆ) ಮೇಲೆ ಮಧ್ಯದಿಂದ ಸುತ್ತ 60 ಗೆರೆ, ಗೆರೆಗೆ 6 ಡಿಗ್ರಿ. ಪ್ರಿಂಟಿಗೆ ಹತ್ತೋ ಹದಿನೈದೋ ರೂಪಾಯಿ. ಮೊದಲು ಇದನ್ನು ಗಾಜಿನ ಮೇಲೇ ಇಟ್ಟು ನೋಡಿದೆ. ಕೆಲಸ ಆಗಲಿಲ್ಲ. ಅಕ್ರಿಲಿಕ್ ಗಾಜು ಉಬ್ಬಿರುತ್ತದೆ, ಅಂಚಿನ ಗೆರೆಗಳೆಲ್ಲ ಬಾಗಿ ಕಾಣುತ್ತವೆ. ಹತ್ತಿರದಿಂದ ಫೋಟೋ ತೆಗೆದರೂ ಅದೇ ಕಥೆ. ಕೊನೆಗೆ ಕೈ ಚಾಚಿದಷ್ಟು ದೂರದಿಂದ, 3 ಪಟ್ಟು ಝೂಮ್ ಹಾಕಿ ತೆಗೆದೆ. ಹಾಳೆಯ ಚಿತ್ರವನ್ನು ಫೋನಿನಲ್ಲೇ ಆ ಫೋಟೋ ಮೇಲೆ ಕೂರಿಸಿದೆ. ಆಗ ಸ್ವಲ್ಪ ದಾರಿಗೆ ಬಂತು.

ಏನು ನೋಡುತ್ತೇನೆ ಅಂದರೆ, ರೀಡಯಲ್ ಮಾಡುವವರ ಹತ್ತಿರ ನಿಮಿಷದ ಗೆರೆಗಳ ಅಚ್ಚು ಚೆನ್ನಾಗಿಯೇ ಇರುತ್ತದೆ. ಗೆರೆಗಳ ನಡುವಿನ ಅಂತರ ತಪ್ಪುವುದು ಕಡಿಮೆ. ತಪ್ಪುವುದು ಅಚ್ಚು ಒತ್ತುವಾಗ. ಅಚ್ಚಿನ ನಡುವೂ ಮುಳ್ಳಿನ ತೂತೂ ಒಂದೇ ಕಡೆ ಬೀಳುವುದಿಲ್ಲ. ಅಚ್ಚು ಕೂದಲೆಳೆಯಷ್ಟು ಮೇಲಕ್ಕೆ ಸರಿದಿದ್ದರೆ 12 ಮತ್ತು 6ರಲ್ಲಿ ಎಲ್ಲ ಸರಿ ಕಾಣುತ್ತದೆ. 3ರ ಗೆರೆ ಹಿಂದೆ ಹೋಗಿರುತ್ತದೆ, 9ರ ಗೆರೆ ಮುಂದೆ ಬಂದಿರುತ್ತದೆ. ಗಂಟೆಯ ಕಡ್ಡಿಗಳು ಲೋಹದ್ದಾದರೆ ಇನ್ನೂ ಸುಲಭ. ಅವು ಕಾರ್ಖಾನೆಯ ತೂತಿನಲ್ಲೇ ಕೂತಿರುತ್ತವೆ, ಪಕ್ಕದ ಗೆರೆ ಮಾತ್ರ ಸರಿದಿರುತ್ತದೆ. ಕಡ್ಡಿ ತೆಗೆಯದೆ ಬಣ್ಣ ಹೊಡೆದಿದ್ದರೆ ಬುಡದಲ್ಲಿ ಬಣ್ಣ ಕಟ್ಟಿಕೊಂಡಿರುತ್ತದೆ. ಲೂಪಿನಲ್ಲಿ (ವಾಚು ರಿಪೇರಿಯವರ ಭೂತಗನ್ನಡಿ) ಒಂದು ಕಣ್ಣು ಹಾಯಿಸಿದರೆ ಸಾಕು.

ಇಷ್ಟಾದರೂ ಒಂದು ಕಾಟ ಉಳಿದಿತ್ತು. ಫೋನು ಸ್ವಲ್ಪ ಪಕ್ಕಕ್ಕಿದ್ದರೂ ಇದೇ ಥರದ ತಪ್ಪು ಕಾಣುತ್ತದೆ, ಯಾಕಂದರೆ ಮುಳ್ಳಿನ ನಡು ಡಯಲ್‌ಗಿಂತ ಎತ್ತರದಲ್ಲಿರುತ್ತದೆ. ಮನೆಯಲ್ಲಿದ್ದ ಒರಿಜಿನಲ್ ಎಚ್‌ಎಂಟಿ ಜನತಾವನ್ನೇ ಹಾಳೆ ರೀಡಯಲ್ ಅಂದುಬಿಟ್ಟಿತು! ಗುಂಪಿನವರಿಗೆ ಹಬ್ಬ. ಪರಿಹಾರ ಬಹಳ ಸುಲಭ, ಆದರೆ ಹೊಳೆಯಲು ತಿಂಗಳುಗಳೇ ಬೇಕಾದವು. ಎರಡು ಫೋಟೋ ತೆಗೆಯಬೇಕು. ಎರಡನೆಯದಕ್ಕೆ ಫೋನು ಅಲ್ಲೇ ಇರಲಿ, ವಾಚನ್ನು ಅರ್ಧ ಸುತ್ತು ತಿರುಗಿಸಿ. ತಪ್ಪು ವಾಚಿನ ಜೊತೆ ತಿರುಗಿದರೆ ಅದು ಡಯಲ್‌ನದು. ಇದ್ದಲ್ಲೇ ಇದ್ದರೆ ಕ್ಯಾಮೆರಾದ್ದು.

ಆಮೇಲೆ ಸದ್ದು. ಒಳಗಿನ ಮೆಷಿನ್ ಬದಲಾಗಿದೆಯಾ ಅಂತ ಸ್ವಲ್ಪ ಮಟ್ಟಿಗೆ ಕಿವಿಯೇ ಹೇಳುತ್ತದೆ. ಎಚ್‌ಎಂಟಿಯ 0231 ನಂಬರಿನ ಮೆಷಿನ್ ಗಂಟೆಗೆ 18,000 ಬಡಿತ, ಅಂದರೆ ಸೆಕೆಂಡಿಗೆ 5. ಸೀಕೋ 7009 ಆದರೆ 21,600, ಸೆಕೆಂಡಿಗೆ 6. ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ ಅಲೆಯ ಚಿತ್ರ ತೆರೆದರೆ 50 ಮೊನೆ ಇದೆಯೋ 60 ಇದೆಯೋ ಎಣಿಸಬಹುದು. ಬಜಾರಿನ ಗಲಾಟೆಯಲ್ಲಿ ಮೊದಮೊದಲು ಆಟೋ ಹಾರ್ನ್ ಬಿಟ್ಟರೆ ಬೇರೇನೂ ಸಿಗುತ್ತಿರಲಿಲ್ಲ. ಫೋನಿನ ನಾಯ್ಸ್ ಫಿಲ್ಟರ್ ಟಿಕ್ ಟಿಕ್ ಅನ್ನೇ ಅಳಿಸಿಹಾಕುತ್ತಿತ್ತು. ಅದನ್ನು ಆಫ್ ಮಾಡುವ ಆ್ಯಪ್ ಹಾಕಿಕೊಳ್ಳಿ. ವಾಚಿಗೂ ಮೈಕಿಗೂ ನಡುವೆ ನಾನು ಏನಿಡುತ್ತೇನೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ. ವಾಚಿನ ಬಡಿತ ಅಳೆಯುವ ಯಂತ್ರ, ಟೈಮ್‌ಗ್ರಾಫರ್ ತಗೊಳ್ಳಬಹುದಲ್ಲ ಅಂತೀರಾ? ನಾನು ವಿಚಾರಿಸಿದಾಗ ಹನ್ನೆರಡು ಹದಿಮೂರು ಸಾವಿರ ಹೇಳಿದ್ದರು. ಅದೂ ಅಲ್ಲದೆ ಅದನ್ನು ಫುಟ್‌ಪಾತಿನಲ್ಲಿ ಹರಡಿಕೊಂಡು ಕೂರಕ್ಕಾಗುತ್ತಾ?

ಗುಂಪಿನವರ ಬಾಯಿ ಮುಚ್ಚಿಸಿದ್ದು ಒಂದು ಫೇವರ್ ಲೂಬಾ ಸೀ ಚೀಫ್. ಬೆಳ್ಳಿ ಬಣ್ಣದ ಡಯಲ್, ಒಂದು ಕಲೆ ಇಲ್ಲ. "ಇಷ್ಟು ಕ್ಲೀನ್ ಇದ್ರೆ ಪಕ್ಕಾ ರೀಡಯಲ್, ಸುಮ್ನೆ ಬಿಡು" ಅಂದರು. ಎರಡು ಫೋಟೋದಲ್ಲೂ ಗೆರೆ ಗೆರೆಗೆ ಕೂತಿತು. ಕಡ್ಡಿಯ ಬುಡ ಸ್ವಚ್ಛ. ವ್ಯಾಪಾರಿ ಒಳಗಿರುವುದು ಫೇವರ್ ಲೂಬಾದ್ದೇ 251 ಮೆಷಿನ್ ಅಂತಿದ್ದ, ರೆಕಾರ್ಡಿಂಗಿನಲ್ಲಿ 50 ಬಂತು. 50 ಬಂದರೆ 251 ಅಂತ ಸಾಬೀತಾಗುವುದಿಲ್ಲ, ಎಎಸ್ ಅನ್ನುವ ಬೇರೆ ಸ್ವಿಸ್ ಕಂಪನಿಯ ಹಳೇ ಮೆಷಿನ್‌ಗಳಲ್ಲೂ 18,000 ಬೇಕಾದಷ್ಟಿವೆ. 60 ಬಂದಿದ್ದರೆ ಮಾತ್ರ ಕೈಬಿಡುತ್ತಿದ್ದೆ. 2,200ರ ಆಸುಪಾಸಿಗೆ ತಗೊಂಡೆ. ಅವೆನ್ಯೂ ರಸ್ತೆ ಗಲ್ಲಿಯ ಹಿರಿಯ ರಿಪೇರಿಯವರು ಎಲ್ಲರ ಮುಂದೆ ಬಿಚ್ಚಿದರು. ಎರಡು ಬ್ಯಾರಲ್ (ಸ್ಪ್ರಿಂಗ್ ಸುತ್ತಿಟ್ಟ ಡಬ್ಬಿ) ಅಕ್ಕಪಕ್ಕ ಕೂತಿದ್ದವು, 1962ರಲ್ಲಿ ಬಂದ ಅದೇ ತೆಳು 251. ಡಯಲ್ ಹೊರಗೆ ತೆಗೆದು ಅಂಚನ್ನು ಸುತ್ತ ತಿರುಗಿಸಿದರು. ರೀಡಯಲ್‌ನವರು ಅಳತೆಗೆ ಅರದಿಂದ ಉಜ್ಜುವ ಪುಟ್ಟ ಗೀರು ಎಲ್ಲೂ ಇಲ್ಲ. ಅವರು ಏನೂ ಹೇಳಲಿಲ್ಲ, ಲೂಪ್ ನನ್ನ ಕೈಗೆ ಕೊಟ್ಟರು. ಸರ್ವಿಸ್, ಹೊಸ ಗಾಜು ಸೇರಿ ಸಾವಿರದ ಚಿಲ್ಲರೆ ಆಯಿತು. ನಕ್ಕವರಲ್ಲೇ ಒಬ್ಬರು 9,000ಕ್ಕೆ ಕೇಳಿದರು. ಕೊಡಲಿಲ್ಲ.

ನಡುವೆ ಯುವಿ ಟಾರ್ಚಿನ ಹುಚ್ಚೂ ಹಿಡಿದಿತ್ತು. ಡಯಲ್ ಮುಖದ ಕೆಳತುದಿಯಲ್ಲಿ 'ಟಿ ಸ್ವಿಸ್ ಟಿ' ಅಂತ ಇದ್ದರೆ ಕತ್ತಲಲ್ಲಿ ಹೊಳೆಯುವ ಬಣ್ಣದಲ್ಲಿ ಟ್ರಿಟಿಯಂ ಇದೆ ಅಂತ. ಅದರ ಅರ್ಧಾಯುಷ್ಯ 12 ವರ್ಷ ಚಿಲ್ಲರೆ, ಹಳೇ ವಾಚಿನಲ್ಲಿ ಈಗ ಸತ್ತೇ ಹೋಗಿರಬೇಕು. ಟಾರ್ಚ್ ಆರಿಸಿದ ಮೇಲೂ ಹಸಿರಾಗಿ ಬಹಳ ಹೊತ್ತು ಹೊಳೆಯುತ್ತಿದ್ದರೆ ಯಾರೋ ಹೊಸದಾಗಿ ಬಳಿದಿದ್ದಾರೆ. ಮುನ್ನೂರು ರೂಪಾಯಿ ಟಾರ್ಚಿಗೆ ಇಷ್ಟು ಲಾಭ ಜಾಸ್ತಿಯೇ. ಅಡುಗೆಮನೆಯ ತಕ್ಕಡಿಯಲ್ಲಿ ವಾಚ್ ತೂಗಿ ಕೇಸ್ ಅಸಲಿಯಾ ಅಂತ ನೋಡುವ ಪ್ರಯೋಗ ಮಾತ್ರ ದಂಡ.

ಎಚ್‌ಎಂಟಿ ಪೈಲಟ್‌ಗೆ ಈ ಹಾಳೆ ನಡೆಯುವುದಿಲ್ಲ. ಕಪ್ಪು ಡಯಲ್ ಮೇಲೆ ಕಪ್ಪು ಗೆರೆ ಕಾಣುವುದಿಲ್ಲ, ಬಿಳಿ ಗೆರೆಯದು ಬೇರೆ ಮಾಡಿಕೊಳ್ಳಿ. ಗುಲಾಬಿ, ಕಿತ್ತಳೆ ಪೈಲಟ್‌ಗೆ ಹಾಳೆಯೇ ಬೇಡ, ರೀಡಯಲ್ ಅಂತ ಬಣ್ಣವೇ ಹೇಳುತ್ತದೆ, ನಕ್ಕು ಮುಂದೆ ಹೋಗಿ. ಸೀಕೋಗೂ ಬೇಡ. ಮುಚ್ಚಳದ ಸೀರಿಯಲ್‌ನಲ್ಲಿ ಮೊದಲ ಅಂಕಿ ವರ್ಷದ್ದು, ಎರಡನೆಯದು ತಿಂಗಳದ್ದು. ದಶಕ ಯಾವುದು ಅನ್ನುವುದನ್ನು ಮೆಷಿನ್ ನಂಬರಿನಿಂದ ಲೆಕ್ಕ ಹಾಕಬೇಕು. ಡಯಲ್ ಮುಖದ ಕೆಳಗಿನ ಅಂಚಿನಲ್ಲಿರುವ ಸಣ್ಣ ನಂಬರ್ 7009 ಅಂತಿದ್ದು ಮುಚ್ಚಳದ ಮೇಲೆ 6119 ಇದ್ದರೆ ಅದು ಎರಡು ವಾಚ್ ಸೇರಿಸಿ ಮಾಡಿದ್ದು.

ಇನ್ನು ವೆಸ್ಟ್ ಎಂಡ್ ಸೋವಾರ್ ಪ್ರೈಮಾ. ಅದರಷ್ಟು ರೀಡಯಲ್ ನಾನು ಬೇರೆ ಯಾವುದರಲ್ಲೂ ನೋಡಿಲ್ಲ. ಅದಕ್ಕೆ ಹಾಳೆಗಿಂತ ಬೇಗ ಕೆಲಸ ಮಾಡುವುದು ಡಯಲ್ ಮೇಲಿನ ಒಂದು ಅಕ್ಷರ. ಯಾವುದು ಅಂತ ಬರೆಯುವುದಿಲ್ಲ. ಬರುವ ಭಾನುವಾರ ನಾನೂ ಅಲ್ಲೇ ಹುಡುಕಬೇಕಲ್ವಾ.