ಐಚ್ಛಿಕ ಕನ್ನಡ ಓದಿ ಲಾ ಕಾಲೇಜಿಗೆ ಹೋದೆ: ನನ್ನ ಅನುಭವ

ಮೂರು ವರ್ಷದ ಎಲ್‌ಎಲ್‌ಬಿಗೆ ಮುಂಚೆ ಯಾವ ಡಿಗ್ರಿ ಮಾಡಬೇಕು ಅಂತ ಕೇಳಿದರೆ ನಮ್ಮ ಕಡೆ ಎರಡೇ ಉತ್ತರ. ಬಿಕಾಂ, ಇಲ್ಲಾಂದ್ರೆ ಬಿಎನಲ್ಲಿ ಎಚ್‌ಇಪಿ, ಅಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ನಾನು ತಗೊಂಡಿದ್ದು ಎಚ್‌ಇಕೆ: ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ. "ಕನ್ನಡ ಓದಿದೋರು ಮೇಷ್ಟ್ರಾಗ್ತಾರೆ ಕಣೋ, ಲಾಯರ್ ಆಗಲ್ಲ" ಅಂತ ಸೋದರಮಾವ ಮನೆ ತುಂಬಾ ನೆಂಟರು ಕೂತಿದ್ದಾಗಲೇ ಅಂದಿದ್ದರು. ಈಗ ಅಕ್ಕಪಕ್ಕದ ನಾಲ್ಕು ತಾಲ್ಲೂಕಿನ ವಕೀಲರು ಹಳೇ ಪತ್ರ ಓದಿಸೋಕೆ ನನ್ನ ಆಫೀಸಿಗೆ ಬರುತ್ತಾರೆ.

ಮೊದಲು ನಾನೂ ಬಿಕಾಂಗೇ ಸೇರಿದ್ದೆ. ಫೀಸು, ಹಾಸ್ಟೆಲ್ಲು, ಟ್ಯೂಷನ್ನು ಎಲ್ಲ ಸೇರಿ ಒಂದು ವರ್ಷಕ್ಕೆ 30 ಸಾವಿರದ ಹತ್ತಿರ ಹೋಯಿತು. ಅಪ್ಪ ಎರಡು ಎಮ್ಮೆ ಮಾರಿ ಕೊಟ್ಟ ದುಡ್ಡು. ಅಕೌಂಟೆನ್ಸಿಗೆ ಎರಡು ಸಲ ಕೂತರೂ ಪಾಸಾಗಲಿಲ್ಲ. ಡಿಗ್ರಿಯಲ್ಲಿ 45 ಪರ್ಸೆಂಟ್ ಬರದಿದ್ದರೆ ಜನರಲ್‌ನವರಿಗೆ ಲಾ ಸೀಟೇ ಇಲ್ಲ ಅಲ್ವಾ? ಅಲ್ಲಿ ಒದ್ದಾಡಿ 42ಕ್ಕೆ ನಿಲ್ಲೋದಕ್ಕಿಂತ, ಕೈಹಿಡಿಯುವ ವಿಷಯ ಓದೋಣ ಅಂತ ಬಿಟ್ಟುಬಂದೆ. ಕೊನೆಗೆ ಬಿಎನಲ್ಲಿ 68 ಬಂತು.

ಐಚ್ಛಿಕ ಕನ್ನಡದಲ್ಲಿ ನನ್ನನ್ನು ಹಿಡಿದುಕೊಂಡಿದ್ದು ಶಾಸನದ ಪಾಠ. ಉಳಿದವರು ಗೈಡ್ ಓದಿ ಮುಗಿಸುತ್ತಿದ್ದರು. ನಾನು ಮೇಷ್ಟ್ರ ಹಿಂದೆ ಬಿದ್ದು ಪಡಿಯಚ್ಚು, ಅಂದರೆ ಶಾಸನದ ಮೇಲೆ ಕಾಗದ ಒತ್ತಿ ಮಸಿಯಲ್ಲಿ ತೆಗೆದ ಅಚ್ಚು, ಓದೋದು ಕಲಿತೆ. ಪದಗಳ ಮಧ್ಯೆ ಜಾಗ ಇರಲ್ಲ, ಎಲ್ಲಿ ಒಡೆಯಬೇಕು ಅನ್ನೋದೇ ಕಷ್ಟ. ವಿಜಯನಗರ ಕಾಲದ ದಾನಶಾಸನಗಳಲ್ಲಿ "ಶಾಸನದ ಕ್ರಮವೆಂತೆಂದರೆ" ಅಂತ ಬರುತ್ತದೆ. ಆಮೇಲೆ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಅಂತ ಅಷ್ಟಭೋಗ, ಅಂದರೆ ಜಮೀನಿನ ಜೊತೆ ಬರುವ ಎಂಟು ಹಕ್ಕು. ಸೀನಿಯರ್ ಆಫೀಸಿಗೆ ಸೇರಿದ ಮೊದಲ ತಿಂಗಳೇ ನಮ್ಮ ತಾತಂದಿರ ಕಾಲದ ಒಂದು ಕ್ರಯಪತ್ರ ಕೈಗೆ ಬಂತು. "ಬರೆಸಿಕೊಟ್ಟ ಶುದ್ಧ ಕ್ರಯಪತ್ರದ ಕ್ರಮವೇನೆಂದರೆ" ಅಂತ ಶುರು, ಕೊನೆಯಲ್ಲಿ ಅದೇ ನಿಧಿ ನಿಕ್ಷೇಪ. ನನಗೆ ಮೈ ಜುಂ ಅಂತು. ಇದು ನಾನು ಓದಿದ್ದೇ!

ಆದರೆ ಅಲ್ಲಿಗೆ ಬರುವ ದಾರಿ ಸುಲಭ ಇರಲಿಲ್ಲ. ಲಾ ಕಾಲೇಜಿನಲ್ಲಿ ಕಾಂಟ್ರಾಕ್ಟ್ ಪೇಪರ್ ಒಂದು ಸಲ ಹೋಯಿತು. ಇಂಗ್ಲಿಷ್ ತೀರ್ಪು ಓದೋಕೆ ಒಂದೊಂದಕ್ಕೆ ಎರಡು ದಿನ ಬೇಕಾಗುತ್ತಿತ್ತು. ಜೂನಿಯರ್ ಆಗಿ ತಿಂಗಳಿಗೆ ಮೂರು ಸಾವಿರ, ಎರಡು ವರ್ಷ. ಬಿಕಾಂ ಮಾಡಿದ ಜೊತೆಯವನು ಟ್ಯಾಕ್ಸ್ ಆಫೀಸಿನಲ್ಲಿ ಎಂಟು ಸಾವಿರ ತಗೊಳ್ಳುತ್ತಿದ್ದ. ಆಗ ಮಾವ ಹೇಳಿದ್ದೇ ಸರಿ ಅನ್ನಿಸಿದ್ದು ನಿಜ.

ತಿರುವು ಬಂದಿದ್ದು ಒಂದು ಬಾವಿಯಿಂದ. 1940ರ ದಶಕದ ಪಾಲುಪಾರೀಕತ್ತು, ಅಂದರೆ ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಂಡ ಪತ್ರ. ಟೈಪ್ ಮಾಡಿದ ನಕಲಿನಲ್ಲಿ ತೋಟದ ಬಾವಿಯಲ್ಲಿ ದೊಡ್ಡವನಿಗೆ "11 ಭಾಗ" ಅಂತಿತ್ತು. ಎದುರಿನವರು ಅದನ್ನು ಹದಿನಾರಾಣೆಯಲ್ಲಿ ಹನ್ನೊಂದಾಣೆ ಅಂತ ವಾದ ಮಾಡುತ್ತಿದ್ದರು. ನಾನು ಅಸಲು ತರಿಸಿ ಕಿಟಕಿ ಹತ್ತಿರ ಹಿಡಿದು ನೋಡಿದೆ. ಅಲ್ಲಿದ್ದಿದ್ದು ಹನ್ನೊಂದಲ್ಲ, ಎರಡು ನೆಟ್ಟಗಿನ ಗೀಟು. ಹಳೇ ಲೆಕ್ಕದಲ್ಲಿ ಒಂದು ಗೀಟು ನಾಲ್ಕಾಣೆ, ಎರಡು ಗೀಟು ಎಂಟಾಣೆ, ಅಂದರೆ ಅರ್ಧ. ಅಷ್ಟು ಹೇಳಿದರೆ ಕೋರ್ಟು ಒಪ್ಪಬೇಕಲ್ಲ. ನಾಲ್ಕು ಸಾಲು ಮೇಲೆ ತೆಂಗಿನ ಮರದ ಪಾಲಿಗೆ ಒಂದೇ ಗೀಟು ಹಾಕಿ, ಪಕ್ಕದಲ್ಲೇ ಅಕ್ಷರದಲ್ಲಿ "ಕಾಲು" ಅಂತ ಬರೆದಿತ್ತು. ಜೊತೆಗೆ ಬರಹಗಾರ ಸರ್ವೆ ನಂಬರು, ತಾರೀಖು ಎಲ್ಲಾ ಕನ್ನಡ ಅಂಕಿಯಲ್ಲೇ ಬರೆದಿದ್ದ. ಹನ್ನೊಂದು ಬೇಕಿದ್ದರೆ ೧೧ ಅಂತ ಬರೆಯುತ್ತಿದ್ದ. ಸೀನಿಯರ್ ಎರಡು ಸಲ ನೋಡಿದರು. "ಏನಯ್ಯಾ, ಇದನ್ನ ಯಾವ ಕಾಲೇಜಲ್ಲಿ ಹೇಳಿಕೊಟ್ರು?" ಅಂದರು. ನೀರು ಅರ್ಧ ಅರ್ಧ ಅಂತಲೇ ಕೇಸು ಮುಗಿಯಿತು.

ಮೂವತ್ತು ವರ್ಷ ದಾಟಿದ ಪತ್ರ ಸರಿಯಾದವರ ಹತ್ತಿರದಿಂದ ಬಂದರೆ ಅಸಲಿ ಅಂತ ಕೋರ್ಟು ಭಾವಿಸಬಹುದು. ಮೊದಲು ಸಾಕ್ಷ್ಯ ಕಾಯ್ದೆಯ ಸೆಕ್ಷನ್ 90, 2024ರ ಜುಲೈಯಿಂದ ಹೊಸ ಸಾಕ್ಷ್ಯ ಕಾಯ್ದೆಯಲ್ಲಿ 92. ಆದರೆ ಒಳಗೆ ಏನು ಬರೆದಿದೆ ಅಂತ ಯಾರಾದರೂ ಓದಲೇಬೇಕು. ಅಲ್ಲಿ ನನ್ನ ಕೆಲಸ.

ಆ ಬಾವಿ ಪತ್ರಕ್ಕೆ ಸೀನಿಯರ್ ಎರಡು ಸಾವಿರ ಕೊಟ್ಟರು. ಸ್ವಂತ ಆಫೀಸು ಮಾಡಿದ ಮೊದಲ ವರ್ಷ ಹತ್ತೋ ಹನ್ನೆರಡೋ ಪತ್ರ ಬಂದವು. ಈಗ ವರ್ಷಕ್ಕೆ ಅರವತ್ತಕ್ಕಿಂತ ಜಾಸ್ತಿ. ಪುಟ ನೋಡಿ ಒಂದೂವರೆಯಿಂದ ಐದು ಸಾವಿರ ತಗೊಳ್ಳುತ್ತೇನೆ. ಅದಕ್ಕಿಂತ ದೊಡ್ಡ ಲಾಭ, ಓದಿಸೋಕೆ ಬಂದವರಲ್ಲಿ ಐದಾರು ಮಂದಿಯಾದರೂ ವಕಾಲತ್ತೇ ಕೊಟ್ಟು ಹೋಗುತ್ತಾರೆ.

ಮಧ್ಯೆ ಮೋಡಿಗೂ, ಅಂದರೆ ಮರಾಠಿ ಬರೆಯುತ್ತಿದ್ದ ಹಳೇ ಕೂಡುಬರಹದ ಲಿಪಿಗೂ, ಕೈಹಾಕಿದ್ದೆ. ಧಾರವಾಡ, ಬೆಳಗಾವಿ ಕಡೆಯ ಹಳೇ ಕಾಗದ ಓದಿದರೆ ಇನ್ನೂ ಕೆಲಸ ಸಿಗುತ್ತದೆ ಅಂತ ಆಸೆ. ಮೂರು ತಿಂಗಳು ಕೂತರೂ ಹೆಸರು, ಅಂಕಿ ಬಿಟ್ಟು ಮುಂದೆ ಹೋಗಲಿಲ್ಲ. ಮರಾಠಿ ಬರದೆ ಮೋಡಿ ಬರಲ್ಲ. ಸಿವಿಲ್ ಜಡ್ಜ್ ಪರೀಕ್ಷೆ ಎರಡು ಸಲ ಬರೆದೆ. ಅನುವಾದ ಪತ್ರಿಕೆಯಲ್ಲಿ ಚೆನ್ನಾಗಿ ಬಂತು, ಕಾನೂನು ಪತ್ರಿಕೆಗಳಲ್ಲಿ ಬರಲಿಲ್ಲ. ಮಸಿ ಹಾರಿಹೋದ ಕಡೆ ಮೊಬೈಲ್ ಟಾರ್ಚನ್ನು ಪಕ್ಕದಿಂದ ಅಡ್ಡಡ್ಡ ಬಿಟ್ಟರೆ ಲೇಖನಿ ಕೊರೆದ ಗುರುತು ಕಾಣುತ್ತದೆ. ಇದು ಎಷ್ಟೋ ಜನಕ್ಕೆ ಗೊತ್ತು. ಇದಕ್ಕಿಂತ ಒಳ್ಳೇ ಉಪಾಯ ಇನ್ನೊಂದಿದೆ, ಅದು ನನ್ನ ಅನ್ನದ ಪ್ರಶ್ನೆ, ಇಲ್ಲಿ ಬರೆಯಲ್ಲ.

ಎಲ್ಲರೂ ಐಚ್ಛಿಕ ಕನ್ನಡವೇ ತಗೊಳ್ಳಿ ಅಂತ ನಾನು ಹೇಳಲ್ಲ. ಪೇಟೆಂಟ್ ಏಜೆಂಟ್ ಆಗೋಕೆ ಸೈನ್ಸ್ ಅಥವಾ ಇಂಜಿನಿಯರಿಂಗ್ ಡಿಗ್ರಿ ಬೇಕೇ ಬೇಕು. ಜಿಎಸ್‌ಟಿ ಕೆಲಸಕ್ಕೆ ಬಿಕಾಂನವರ ಮುಂದೆ ನಾನು ನಿಲ್ಲಲ್ಲ. ಆದರೆ ತಾಲ್ಲೂಕು ಕೋರ್ಟಿನಲ್ಲಿ ಜಮೀನು, ಪಾಲು, ದಾರಿ, ನೀರು ಅಂತ ಕೇಸು ನಡೆಸುವ ಮನಸ್ಸಿದ್ದರೆ ಈ ದಾರಿ ನೋಡಿ. ಸೇರುವ ಮುಂಚೆ ಕಾಲೇಜಿಗೆ ಹೋಗಿ ಶಾಸನದ ಪಾಠ ನಿಜವಾಗಿ ಮಾಡುತ್ತಾರಾ ಕೇಳಿ. ಸಿಲಬಸ್‌ನಲ್ಲಿ ಇರುತ್ತದೆ, ತರಗತಿಯಲ್ಲಿ ಇರಲ್ಲ. ಮಾಡಲ್ಲ ಅಂದರೆ ಕನ್ನಡ ಸಾಹಿತ್ಯ ಪರಿಷತ್ತಿನ ಶಾಸನಶಾಸ್ತ್ರ ಡಿಪ್ಲೊಮಾ ಇದೆ. ನಾನಂತೂ ನಮ್ಮ ಮೇಷ್ಟ್ರ ಮನೆಗೆ ಭಾನುವಾರ ಭಾನುವಾರ ಹೋಗುತ್ತಿದ್ದೆ. ಒಂದು ಪೈಸೆ ತಗೊಳ್ಳಲಿಲ್ಲ ಅವರು.